ಮಹಡಿಯ ರೂಟರು, ಕೆಳಗಿನ ರೂಟರು

ಮಗಳ ಮನೆಗೆ ಬಂದು ನೆಲೆಸಿದ ಮೊದಲ ವಾರದಲ್ಲೇ ಅಳಿಯನ ಒಂದು ಅಭ್ಯಾಸ ಮಾವನ ಕಣ್ಣಿಗೆ ಬಿತ್ತು. ಅಳಿಯ ಕಟ್ಟಡಗಳ ನಕ್ಷೆ ಬರೆಯುವವನು, ಮಹಡಿಯ ಕೋಣೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ರೂಟರಿನ ಬೆನ್ನಿನಿಂದ ಪಿನ್ನು ಎಳೆದು, ಹತ್ತರವರೆಗೆ ಎಣಿಸಿ, ಮತ್ತೆ ಚುಚ್ಚುತ್ತಿದ್ದ. ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡ ಮೇಲೆಯೇ ಕುರ್ಚಿಗೆ ಹೋಗುತ್ತಿದ್ದ.

ಮಾವ ಮೂವತ್ತೊಂದು ವರ್ಷ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದವರು. ಓಡುವ ಯಂತ್ರ ಅಷ್ಟಾಗಿ ಸವೆಯುವುದಿಲ್ಲ, ನಿಂತು ಮತ್ತೆ ಶುರುವಾಗುವಾಗಲೇ ಅದಕ್ಕೆ ಪೆಟ್ಟು ಬೀಳುವುದು ಎಂದು ಅವರು ಬಲವಾಗಿ ನಂಬಿದ್ದರು. ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಂಬತ್ತನೆಯ ದಿನ ಆಗಲಿಲ್ಲ.

"ಅಳಿಯಂದ್ರೇ, ಹೀಗೆ ಮಾಡಿದ್ರೆ ಅದರ ಆಯಸ್ಸು ಕಮ್ಮಿ ಆಗುತ್ತೆ."

"ಯಾವುದರದ್ದು ಮಾವ?"

"ಆ ಡಬ್ಬಿದು. ದಿನಾ ಜೀವ ತೆಗೆದು ಜೀವ ಕೊಟ್ರೆ ಎಷ್ಟು ದಿನ ತಡೆಯುತ್ತೆ?"

"ಹಾಗೇನಿಲ್ಲ. ಓಡಿ ಓಡಿ ಅದರ ತಲೆ ತುಂಬಿರುತ್ತೆ. ಒಂದ್ಸಲ ಆಫ್ ಮಾಡಿದ್ರೆ ಹಗುರ ಆಗುತ್ತೆ. ಬಾಳಿಕೆ ಜಾಸ್ತಿನೇ ಬರುತ್ತೆ."

ಅಲ್ಲಿಯವರೆಗೆ ಇಬ್ಬರ ನಡುವೆ "ಊಟ ಆಯ್ತಾ", "ಆಯ್ತು" ಬಿಟ್ಟರೆ ಮಾತಿರಲಿಲ್ಲ. ಈಗ ದಿನವೂ ಊಟದ ಮೇಜಿನಲ್ಲಿ ಇದೇ ವಾದ. ಮಗಳು ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ಪರೀಕ್ಷಿಸುವವಳು. ಇಡೀ ದಿನ "ಈ ಅಕ್ಷರ ಕಾಣುತ್ತಾ, ಆ ಅಕ್ಷರ ಕಾಣುತ್ತಾ" ಎಂದು ಕೇಳಿ ಬಂದವಳಿಗೆ ಎರಡು ವಾರದಲ್ಲಿ ತಲೆ ಚಿಟ್ಟು ಹಿಡಿಯಿತು.

"ಮನೆಗೆ ಹೇಗೂ ಎರಡು ಬೇಕು, ಮೇಲಿನ ಸಿಗ್ನಲ್ಲು ಕೆಳಗೆ ಬರ್ತಿಲ್ಲ," ಎಂದಳು. "ಒಂದೇ ಕಂಪನಿದು, ಒಂದೇ ಥರದ್ದು ಎರಡು ತನ್ನಿ. ಮಹಡಿದನ್ನ ಇವರು ದಿನಾ ಆಫ್ ಮಾಡ್ಲಿ. ಕೆಳಗಿಂದನ್ನ ಯಾರೂ ಮುಟ್ಟೋದು ಬೇಡ. ಯಾವುದು ಮೊದಲು ಕಣ್ಮುಚ್ಚುತ್ತೋ ನೋಡೋಣ. ಅಲ್ಲಿವರೆಗೂ ಊಟದ ಹೊತ್ತಲ್ಲಿ ಈ ಸುದ್ದಿ ಎತ್ತಬಾರದು, ಇಬ್ಬರೂ."

ಇಬ್ಬರೂ ಒಪ್ಪಿದರು. ಕೆಳಗಿನ ರೂಟರು ಹಜಾರದ ಪುಸ್ತಕದ ಕಪಾಟಿನ ಮೇಲೆ ಕೂತಿತು. ಮಾವ ಪ್ರತಿ ಶನಿವಾರ ಅದರ ಮೇಲೆ ಅಂಗೈ ಇಟ್ಟು ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಿದ್ದರು: "ಉಗುರು ಬೆಚ್ಚಗಿದೆ. ದೀಪ ನಾಲ್ಕು. ತಕರಾರಿಲ್ಲ."

ಒಂದು ವರ್ಷ ನಾಲ್ಕು ತಿಂಗಳು ಹೀಗೇ ಕಳೆಯಿತು. ಎರಡೂ ರೂಟರುಗಳು ಗುಂಡುಕಲ್ಲಿನ ಹಾಗಿದ್ದವು.

ಒಂದು ಮಂಗಳವಾರ ಮಧ್ಯಾಹ್ನ ಅಳಿಯ ಕಟ್ಟಡವೊಂದರ ಜಾಗ ನೋಡಲು ಹೋಗಿದ್ದ, ಮಾವ ಒಬ್ಬರೇ ಮನೆಯಲ್ಲಿದ್ದರು. ಬೇರೆ ಊರಿನಲ್ಲಿದ್ದ ಅವರ ಅಕ್ಕನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಹನ್ನೆರಡು ದಿನದ ನಂತರ ಮೊದಲ ಸಲ ಎದ್ದು ಕೂತಿದ್ದರು. ನಾಲ್ಕು ಗಂಟೆಗೆ ವಿಡಿಯೋ ಕರೆ ಎಂದು ನಿಗದಿಯಾಗಿತ್ತು. ಟ್ಯಾಬಿನಲ್ಲಿ ಅಕ್ಕನ ಮುಖ ಬಂತು, "ತಮ್ಮಾ" ಎಂಬ ಒಂದು ಮಾತು ಬಂತು, ಅಷ್ಟಕ್ಕೇ ಚಿತ್ರ ನಿಂತುಹೋಯಿತು. ಅಕ್ಕ ಬಾಯಿ ಅರ್ಧ ತೆರೆದುಕೊಂಡೇ ಇದ್ದರು. ಮಾವ ಟ್ಯಾಬನ್ನು ಆರಿಸಿ ಹಚ್ಚಿದರು, ಕಿಟಕಿಯ ಬಳಿ ಹೋದರು, ಬಾಗಿಲ ಬಳಿ ಬಂದರು. ಮಹಡಿ ಹತ್ತಲು ಮಂಡಿ ಬಿಡುತ್ತಿರಲಿಲ್ಲ.

ಕಪಾಟಿನ ಮುಂದೆ ಏಳೆಂಟು ನಿಮಿಷ ನಿಂತರು. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ, ಹತ್ತು ಸಾಲದೇನೋ ಎಂದು ಇಪ್ಪತ್ತರವರೆಗೆ ಎಣಿಸಿ, ಹಾಕಿದರು.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದು ಅಕ್ಕನ ದನಿ ಬಂತು.

"ಇಲ್ಲೇ ಒಂದು ಕೆಲಸ ಇತ್ತಕ್ಕಾ," ಎಂದರು.

ಅರ್ಧ ಗಂಟೆ ಮಾತಾಡಿದರು. ಮುಗಿದ ಮೇಲೆ ನೋಟ್‌ಬುಕ್ಕು ತೆಗೆದು ಬರೆದರು: "ನಾಲ್ಕು ಗಂಟೆ ಹತ್ತೊಂಬತ್ತು ನಿಮಿಷ. ನಾನೇ ಆಫ್ ಮಾಡಿದೆ. ಕಾರಣ: ಅಕ್ಕ."

ಸಂಜೆ ಅಳಿಯ ಬರುತ್ತಲೇ ಪುಟ ತೋರಿಸಿದರು. ಗೆದ್ದೆ ಅನ್ನಿಸಬೇಕಿತ್ತು, ಅಳಿಯನಿಗೆ ಹಾಗೇನೂ ಅನ್ನಿಸಲಿಲ್ಲ.

"ಒಂದ್ಸಲ ತಾನೇ ಮಾವ, ಲೆಕ್ಕಕ್ಕಿಲ್ಲ ಬಿಡಿ."

"ಲೆಕ್ಕಕ್ಕಿಲ್ಲ ಅಂದ್ರೆ? ಬರೆದಾಗಿದೆ."

ಮುಂದಿನ ತಿಂಗಳು ಮಹಡಿಯ ರೂಟರು ಕೈ ಕೊಟ್ಟಿತು. ಮೇಜು ಸ್ವಲ್ಪ ಅಲುಗಾಡಿದರೂ ದೀಪವೆಲ್ಲ ಆರಿಹೋಗುತ್ತಿತ್ತು. ಸುದ್ದಿ ಕೇಳಿ ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮುಖದ ಮೇಲೆ ಸಂತೋಷ ಕಾಣಬಾರದೆಂದು ಪಟ್ಟ ಪ್ರಯತ್ನ ಚೆನ್ನಾಗಿಯೇ ಕಾಣುತ್ತಿತ್ತು.

ಇಬ್ಬರೂ ಅದನ್ನು ರಿಪೇರಿ ಅಂಗಡಿಗೆ ಒಯ್ದರು. ಅಂಗಡಿಯ ಹೆಂಗಸು ನಾಲ್ಕು ಸ್ಕ್ರೂ ಬಿಚ್ಚಿ, ದೀಪ ಹತ್ತಿರ ಎಳೆದುಕೊಂಡು ನೋಡಿದಳು.

"ಒಳಗೆಲ್ಲ ಹೊಸದರ ಹಾಗಿದೆ. ಇಲ್ಲಿ, ಪಿನ್ನು ಕೂರೋ ಬಾಯಿ ಸಡಿಲ ಆಗಿದೆ ಅಷ್ಟೇ. ಇಷ್ಟು ಸಲ ಎಳೆದವರು ಯಾರು?"

ಅಳಿಯ ಕೆಮ್ಮಿದ.

"ದಿನಾ ಆಫ್ ಮಾಡಿದ್ದಕ್ಕೆ ಹೀಗಾಯ್ತಾ?" ಮಾವ ಕೇಳಿದರು.

"ದಿನಾ ಎಳೆದಿದ್ದಕ್ಕೆ. ಸ್ವಿಚ್ಚಲ್ಲಿ ಆರಿಸಿದ್ರೆ ಏನೂ ಆಗ್ತಿರಲಿಲ್ಲ. ದಿನಕ್ಕೊಂದು ಸಲ ಅಂದ್ರೆ ಇದಕ್ಕೆ ಯಾವ ಮಹಾ? ಇಂಥವನ್ನ ಕೊಲ್ಲೋದು ಬಿಸಿ, ಆಮೇಲೆ ಕರೆಂಟಿನ ಏರಿಳಿತ."

"ಹಾಗಾದ್ರೆ ಆಫ್ ಮಾಡಿದ್ರೆ ಬಾಳಿಕೆ ಜಾಸ್ತಿ ಬರುತ್ತೆ ಅಲ್ವಾ?" ಅಳಿಯ ಆಸೆಯಿಂದ ಕೇಳಿದ.

"ಅದೂ ಇಲ್ಲ. ನೆಟ್ಟು ಸಿಕ್ಕಿಹಾಕ್ಕೊಂಡಾಗ ಬಿಡಿಸಿಕೊಳ್ಳುತ್ತೆ, ಅಷ್ಟೇ."

ಬೆಸುಗೆ ಹಾಕಿ ಹೊಸ ಬಾಯಿ ಕೂರಿಸಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ಇಬ್ಬರೂ ಮನೆಗೆ ಬಂದರು. "ಯಾರು ಗೆದ್ರಿ?" ಎಂದು ಮಗಳು ಕೇಳಿದಾಗ ಅಳಿಯ ರೂಟರು ಹಿಡಿದು ಮಹಡಿ ಹತ್ತಿದ, ಮಾವ ಚಪ್ಪಲಿ ಬಿಟ್ಟು ಒಳಗೆ ಹೋದರು.

ಮರುದಿನದಿಂದ ಅಳಿಯ ಗೋಡೆಯ ಸ್ವಿಚ್ಚಿನಲ್ಲೇ ಆರಿಸತೊಡಗಿದ. ಶನಿವಾರ ಬಂತು, ಮಾವ ಏನೂ ಬರೆಯಲಿಲ್ಲ. ಊಟದ ಹೊತ್ತಿನಲ್ಲಿ ತಟ್ಟೆಗಳ ಸದ್ದು ಮಾತ್ರ. ಮಾತಾಡಬೇಡಿ ಎಂದು ತಾನೇ ಕಟ್ಟಪ್ಪಣೆ ಮಾಡಿದ್ದ ಮಗಳಿಗೂ ಅದು ಸಪ್ಪೆ ಎನಿಸಿತು.

ಮುಂದಿನ ವಾರ ಒಂದು ಬೆಳಿಗ್ಗೆ ಎರಡು ರೂಟರುಗಳಲ್ಲೂ ಕೆಂಪು ದೀಪ ಬಂತು. ಎಷ್ಟು ಸಲ ಆರಿಸಿ ಹಚ್ಚಿದರೂ ಹೋಗಲಿಲ್ಲ. ಹೊರಗೆ ರಸ್ತೆ ಅಗೆಯುತ್ತಿದ್ದವರು ಕೇಬಲ್ಲು ಕತ್ತರಿಸಿಬಿಟ್ಟಿದ್ದರು. ಮಾವ, ಅಳಿಯ ಇಬ್ಬರೂ ಹೋಗಿ ಗುಂಡಿಯ ಪಕ್ಕ ನಿಂತರು. ಕೆಳಗೆ ಒಬ್ಬ ತುಂಡಾದ ತುದಿಗಳನ್ನು ಜೋಡಿಸಲು ಕೂತಿದ್ದ.

"ಈ ಜೋಡಣೆ ಆರು ತಿಂಗಳೂ ಬರಲ್ಲ," ಎಂದರು ಮಾವ.

"ಯಾಕೆ ಬರಲ್ಲ? ಸರಿಯಾಗಿ ಹಾಕಿದ್ರೆ ಹತ್ತು ವರ್ಷ ಬರುತ್ತೆ," ಎಂದ ಅಳಿಯ.

ಗುಂಡಿಯಲ್ಲಿದ್ದವನು ತಲೆ ಎತ್ತಿ ಇಬ್ಬರನ್ನೂ ನೋಡಿದ. ಕೆಲಸಕ್ಕೆ ಹೊರಟಿದ್ದ ಮಗಳು ಹೊತ್ತಾಗಿದೆ ಎಂದು ನಿಲ್ಲದೆ ಹೋದಳು.