ಮ್ಯಾನ್‌ಹೋಲಿಗೆ ಗಾಳ ಹಾಕುವವನು

ದಾರ ಕಟ್ಟಿದ ಬ್ಯಾಂಡೇಜ್ ಬಟ್ಟೆಯನ್ನು ಮ್ಯಾನ್‌ಹೋಲಿನೊಳಗೆ ಇಳಿಬಿಟ್ಟು, ಎರಡು ದಿನ ಕಳೆದು ಎತ್ತಿ, ಚರಂಡಿಯಲ್ಲಿ ರೋಗಾಣು ಇದೆಯೇ ಎಂದು ನೋಡಲು ಲ್ಯಾಬಿಗೆ ಒಯ್ಯುವುದು ಆರೋಗ್ಯ ಇಲಾಖೆಯಲ್ಲಿ ಅವನ ಕೆಲಸ. ಜೊತೆಯವರು ಗಾಳದಣ್ಣ ಎಂದು ಕರೆದು ನಗುತ್ತಿದ್ದರು. ನಗಲಿ ಬಿಡಿ! ಶಿಶುವಿಹಾರದ ಒಂಬತ್ತು ಮಕ್ಕಳು ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದಾಗ ಬೇಕಾದದ್ದು ಅದೇ ಗಾಳ. ಯಾರದೋ ಮನೆಯಿಂದ ಟೈಫಾಯ್ಡಿನ ಬ್ಯಾಕ್ಟೀರಿಯಾ ಚರಂಡಿಗೆ ಇಳಿಯುತ್ತಿತ್ತು. ಅದು ಬಟ್ಟೆಗೆ ಸಿಕ್ಕ ಪೈಪಿನ ಜಾಡು ಹಿಡಿದು ಗಾಳದಣ್ಣ ಮೂರು ವಾರ ಬೀದಿ ಬೀದಿ ಅಲೆದ.

ಜಾಡು ಮುಗಿದದ್ದು ಅಕ್ಕನ ಮನೆಯ ಬಾಗಿಲಲ್ಲಿ. ತಾಯಿ ಹೋದಮೇಲೆ ಅವನನ್ನು ಸಾಕಿದ ಅಕ್ಕ, ಗುಂಡುಕಲ್ಲಿನ ಹಾಗಿರುವ ಅಕ್ಕ, ಒಂಟಿಯಾಗಿದ್ದುಕೊಂಡು ಶಿಶುವಿಹಾರಕ್ಕೆ ದಿನವೂ ಅಡುಗೆ ಮಾಡಿ ಕಳಿಸುವ ಅಕ್ಕ! ಲ್ಯಾಬಿನ ಈ ರಿಪೋರ್ಟು ಹರಿದುಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಛೀ, ಎಂದು ತನ್ನನ್ನೇ ಬೈದುಕೊಂಡು ಬಾಗಿಲು ತಟ್ಟಿದ.

“ನನಗೆ ಟೈಫಾಯ್ಡಾ? ಒಂದು ಸೀನೂ ಬಂದಿಲ್ವಲ್ಲೋ!”

“ಇಪ್ಪತ್ತು ವರ್ಷದ ಹಿಂದೆ ಬಂದಿತ್ತಲ್ಲಕ್ಕಾ. ಜ್ವರ ಹೋಯ್ತು, ಬ್ಯಾಕ್ಟೀರಿಯಾ ಪಿತ್ತಕೋಶದಲ್ಲೇ ಠಿಕಾಣಿ ಹೂಡಿರಬಹುದು ಅಂತಾರೆ ಡಾಕ್ಟ್ರು. ನಿನಗೇನೂ ಗೊತ್ತಾಗಲ್ಲ. ಆದ್ರೆ ನಿನ್ನ ಕೈಯಿಂದ ಬೇರೆಯವರಿಗೆ…”

ಅಕ್ಕ ಸೌಟು ಕೆಳಗಿಟ್ಟಳು. “ಆ ಮಕ್ಕಳು ನನ್ನಿಂದ ಮಲಗಿದ್ವಾ?” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕನ ಪರೀಕ್ಷೆಯಲ್ಲೂ ಅದೇ ಬಂತು. ಒಂದು ತಿಂಗಳು ಮಾತ್ರೆ, ಆಮೇಲೆ ಬಿಟ್ಟು ಬಿಟ್ಟು ಮೂರು ಪರೀಕ್ಷೆ ಎಂದರು ಡಾಕ್ಟರು. ಅಲ್ಲಿಯವರೆಗೆ ಅಕ್ಕ ಬೇರೆಯವರಿಗೆ ಒಂದು ತುತ್ತೂ ಬೇಯಿಸಲಿಲ್ಲ, ತಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಮಾತ್ರೆ ತಂದಿಟ್ಟು, ಒಬ್ಬನೇ ಏನೇನೋ ಹರಟಿ ಎದ್ದು ಹೋಗುತ್ತಿದ್ದ. ಬೈದರೂ ಸಾಕಿತ್ತು ಎಂದುಕೊಳ್ಳುತ್ತಿದ್ದ. ಒಂಬತ್ತು ಮಕ್ಕಳೂ ಗುಣವಾಗಿ ಮನೆಗೆ ಹೋದರು ಎಂದು ಹೇಳಿದಾಗ ಮಾತ್ರ ಅಕ್ಕ ಕಣ್ಣೊರೆಸಿಕೊಂಡಳು.

ಮೂರನೆಯ ರಿಪೋರ್ಟಿನಲ್ಲೂ ಏನೂ ಇಲ್ಲ ಎಂದು ಬಂದ ದಿನ ಅವನು ಓಡೋಡಿ ಹೋದ. ಅಕ್ಕ ಕಾಗದವನ್ನು ಎರಡು ಸಲ ಓದಿದಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. ಅಡುಗೆ ಮಾಡಿ, ಒಂದು ತಟ್ಟೆ ಬಡಿಸಿ, ಅವನ ಮುಂದಿಟ್ಟು ದೂರ ನಿಂತು ನೋಡಿದಳು.

ಅವನು ಗಬಗಬ ತಿಂದ. ತಟ್ಟೆ ಮುಂದೆ ಚಾಚಿ ಮತ್ತೆ ಹಾಕಿಸಿಕೊಂಡ. ಅದನ್ನೂ ಬಳಿದು ತಿಂದು, “ಉಪ್ಪು ಕಮ್ಮಿ ಕಣಕ್ಕಾ” ಎಂದ.

“ಎರಡೆರಡು ಸಲ ನುಂಗಿಬಿಟ್ಟು ಈಗ ಹೇಳ್ತೀಯೇನೋ, ಹೊಟ್ಟೆಬಾಕ! ನಾಳೆ ಮಕ್ಕಳಿಗೆ ಎಷ್ಟು ಹಾಕ್ಲಿ, ಅದನ್ನ ಹೇಳು!”