ವಾಪಸ್ಸು ಬಂದ ಮಣ್ಣು

ಜಯದೇವಪ್ಪ ಕೈಹಾಕಿದ ಕೆಲಸ ಕೆಟ್ಟಿತು ಎಂದು ಹಾರನಹಳ್ಳಿ ಸುತ್ತಿನಲ್ಲಿ ಯಾರೂ ಹೇಳಿದ್ದಿಲ್ಲ. ಹೇಳಿದರೂ ಅವನು ಕೇಳುವವನಲ್ಲ, ಆ ಮಾತು ಬೇರೆ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಊರಲ್ಲಿ ಹತ್ತು ಎಕರೆ ತೆಂಗು, ಎರಡು ಬೀದಿ ದಾಟಿ ಕೇಳಿಸುವ ಗಂಟಲು. ಬೋರಿನ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟತೊಡಗಿದಾಗ, ಕೆರೆಯ ನೀರನ್ನೇ ಶೋಧಿಸಿ ನಲ್ಲಿಗೆ ಬಿಡೋಣ ಎಂದು ಊರನ್ನು ಒಗ್ಗೂಡಿಸಿದವನು ಅವನೇ. ಕೆರೆ ಸಮಿತಿಗೆ ಅಧ್ಯಕ್ಷನೂ ಅವನೇ. ಮಾಲೇಕಲ್ಲು ಬೆಟ್ಟದ ಕಡೆಯಿಂದ ನೀರು ತರುವ ಹಳ್ಳದಲ್ಲಿ ಲಂಟಾನ, ತೆಂಗಿನ ಮಟ್ಟೆ, ಹರಿದ ಹಾಸಿಗೆ ಎಲ್ಲ ತುಂಬಿತ್ತು. ಮೇಲಿನ ಕೇರಿ, ಕೆಳಗಿನ ಕೇರಿ ಎನ್ನದೆ ಇಡೀ ಊರು ಒಂದು ತಿಂಗಳು ಮೈಮುರಿದು ಅದನ್ನು ತೆರವು ಮಾಡಿತು.

ಆಮೇಲೆ ಹೂಳಿನ ಸರದಿ. ಕೆರೆಯ ಗೋಡು ಅಂದರೆ ತೆಂಗಿಗೆ ಹಬ್ಬದೂಟ. ತೋಟಕ್ಕೆ ಹೊಡೆಸಿಕೊಳ್ಳಲು ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ಜಯದೇವಪ್ಪನದೇ ಮೊದಲು.

"ಯಜಮಾನ್ರೇ, ಇಷ್ಟಕ್ಕೆ ಸಾಕು ಮಾಡಿ," ಎಂದಳು ದ್ಯಾವಮ್ಮ. ಅವಳು ಪಂಚಾಯ್ತಿಯ ನೀರುಗಂಟಿ. ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವವಳು. ಅವಳ ಅಪ್ಪ, ತಾತ ಇದೇ ಕೆರೆಯ ತೂಬು ಕಾದವರು. "ಕರೀ ಗೋಡು ಮುಗೀತು. ಈಗ ಬತ್ತಾ ಇರೋದು ಜೇಡಿ. ಕೆರೆ ತಳ ಅಂದ್ರೆ ಅದೇಯ. ಅದ್ರ ಕೆಳಗೆ ಬರೀ ಗರಸು ಐತೆ, ನೀರು ನಿಲ್ಲಕಿಲ್ಲ."

"ಆಳ ಆದಷ್ಟೂ ನೀರು ಜಾಸ್ತಿ ಕಣವ್ವ. ನಂಗೊತ್ತಿಲ್ವಾ?" ಎಂದು ನಕ್ಕು ಜಯದೇವಪ್ಪ ಜೆಸಿಬಿಯವನಿಗೆ ಕೈ ಬೀಸಿದ. ಅತಿ ಆಸೆ ಗತಿಗೇಡು ಅಂತ ಮಂಡಿ ಯಜಮಾನನಿಗೆ ಯಾರು ಹೇಳಬೇಕು!

ಭರಣಿ ಮಳೆ ಹೇಳಿತು. ಒಂದು ಸಂಜೆ ಜೋರಾಗಿ ಬಡಿದು, ಅಗೆದ ಗುಂಡಿಯಲ್ಲಿ ಸೊಂಟದವರೆಗೆ ನೀರು ನಿಂತಿತು. ಜಯದೇವಪ್ಪ ಫೋಟೊ ತೆಗೆಸಿ ಊರಿಗೆಲ್ಲ ವಾಟ್ಸಾಪ್ ಮಾಡಿದ. ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಗುಂಡಿಯಲ್ಲಿ ತೊಟ್ಟು ನೀರಿಲ್ಲ, ತಳದಲ್ಲಿ ಕೆಂಪು ಗರಸು. ಜೇಡಿ ತೆಗೆಯದ ಕಡೆ ದನದ ಹೆಜ್ಜೆಗಳಲ್ಲೂ ನೀರು ಹಾಗೇ ಇತ್ತು. ಅವನು ಅಲ್ಲೇ ನಿಂತು ಲೆಕ್ಕ ಹಾಕಿದ. ಕೆರೆ ತುಂಬಿದರೂ ಸಂಕ್ರಾಂತಿ ಹೊತ್ತಿಗೆ ಬರಿದು. ಬೇಸಿಗೆಯಲ್ಲಿ ಮಕ್ಕಳಿಗೆ ಮತ್ತೆ ಅದೇ ಬೋರಿನ ನೀರು. ಮಾಡಿದವನು ತಾನು. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ.

ಹೆಂಡತಿ ಗುರುಸಿದ್ದಮ್ಮ ಸುಮ್ಮನಿರುವವಳೇ? "ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ತೂತು ಮುಚ್ಕೊಳ್ತದಾ? ಹೋಗಿ ದ್ಯಾವಮ್ಮನ್ನ ಕೇಳ್ರೀ."

ಹೋದ. ದ್ಯಾವಮ್ಮ ಹೊಸದಾಗಿ ಶೋಧಕ ಕೂರಿಸಿದ್ದ ಪಂಪುಮನೆಯ ಕಟ್ಟೆ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದಳು.

"ತಪ್ಪಾಯ್ತು ಕಣವ್ವ. ನಿನ್ ಮಾತು ಕೇಳ್ಬೇಕಿತ್ತು. ಈಗ ದಾರಿ ಹೇಳು."

ಅವಳು ಹಂಗಿಸಲಿಲ್ಲ. ಹಾಗಂತ ಸುಲಭಕ್ಕೂ ಬಿಡಲಿಲ್ಲ. "ಜೇಡಿ ಎಲ್ಲೋಗೈತೆ? ನಿಮ್ ನಿಮ್ ತೋಟದಾಗೇ ಬಿದ್ದೈತೆ, ವಾಪಸ್ ತನ್ನಿ. ಗೇಣು ದಪ್ಪ ಹಾಸಿ, ನೀರು ಚಿಮುಕ್ಸಿ, ತುಳಿಸ್ಬೇಕು. ಜೆಸಿಬಿ ಬ್ಯಾಡ, ಕುರಿ ಕಾಲೇ ಆಗ್ಬೇಕು. ಮೃಗಶಿರ ಮಳೆ ಹಿಡಿಯೋದ್ರೊಳಗೆ ಮುಗೀಬೇಕು."

ತೋಟಕ್ಕೆ ಬಿದ್ದ ಮಣ್ಣನ್ನು ಯಾವ ತೆಂಗಿನವನು ವಾಪಸ್ಸು ಕೊಟ್ಟಾನು? ಪಕ್ಕದ ತೋಟದ ಶಶಿಧರ್ ಅರಳಿಕಟ್ಟೆಯ ಸಭೆಯಲ್ಲಿ ಎದ್ದೇಬಿಟ್ಟ: "ಅಗ್ಸಿದ್ದು ನೀವು. ನಾನ್ಯಾಕೆ ಕೊಡ್ಲಿ?"

"ಸರಿಯಾಗೇ ಕೇಳ್ದೆ ಕಣೋ. ಅಗ್ಸಿದ್ದು ನಾನು, ತಪ್ಪೂ ನಂದೇ," ಎಂದ ಜಯದೇವಪ್ಪ, ಅದೇ ದೊಡ್ಡ ಗಂಟಲಲ್ಲಿ. "ನಾಳೆ ನನ್ ತೋಟದ್ದು ಮೊದ್ಲು ಹೋಯ್ತದೆ. ಸಾಲ್ದೆ ಇದ್ರೆ ದಿನಾ ಬಂದು ನಿನ್ ಬೇಲಿ ಹತ್ರ ನಿಲ್ತೀನಿ. ಎಷ್ಟು ಬೈತೀಯೋ ಬೈಯಿ."

ಮಾರನೇ ದಿನವೇ ಅವನ ತೋಟದ ಜೇಡಿ ಹೊರಟಿತು. ಮರದ ಬುಡಕ್ಕೆ ಹರಡಿದ್ದನ್ನೂ ಬಿಡದೆ ಕೆರೆಸಿದ. ಅಷ್ಟೂ ಸುರಿದರೂ ಗುಂಡಿ ಅರ್ಧವೂ ಮುಚ್ಚಲಿಲ್ಲ. ಮೂರನೇ ದಿನ ಶಶಿಧರನ ಟ್ರ್ಯಾಕ್ಟರು ಗೊಣಗುತ್ತಾ ಬಂತು; ಟ್ರ್ಯಾಕ್ಟರಿಗಿಂತ ಅವನೇ ಹೆಚ್ಚು ಗೊಣಗುತ್ತಿದ್ದ. ಹಿಂದೆಯೇ ಉಳಿದವರು. ಕೆಳಗಿನ ಕೇರಿಯ ಗಿಡ್ಡಪ್ಪ ತನ್ನ ಇನ್ನೂರು ಕುರಿ ಇಳಿಸಿದ. ಕುರಿ ಸುಸ್ತಾದಾಗ ಜನ ಇಳಿದರು. ಗುರುಸಿದ್ದಮ್ಮ ಸೀರೆ ಎತ್ತಿ ಕಟ್ಟಿ, ದ್ಯಾವಮ್ಮನ ಹೆಗಲು ಹಿಡಿದು ತುಳಿದಳು. "ಇಲ್ಲಿ ಸಾಲ್ದು, ಇನ್ನೊಂದ್ ಸಲ" ಎಂದು ದ್ಯಾವಮ್ಮ ತೋರಿಸಿದಲ್ಲೆಲ್ಲ ಜಯದೇವಪ್ಪ ಮರುಮಾತಾಡದೆ ತುಳಿದ.

ಮೃಗಶಿರ ಹಿಡಿಯಿತು. ಹಳ್ಳ ತಡೆಯಿಲ್ಲದೆ ಹರಿದು ಕೆರೆ ಸೇರಿತು. ಮಳೆ ಬಿಟ್ಟ ದಿನ ದ್ಯಾವಮ್ಮ ನೀರಿನ ಅಂಚಿಗೆ ಗೂಟ ನೆಟ್ಟಳು. ಮೊದಲ ದಿನ ನೀರು ನಾಲ್ಕು ಬೆರಳು ಇಳಿಯಿತು. ಜಯದೇವಪ್ಪ ಗೂಟದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮತ್ತೆ ಮತ್ತೆ ಅಳೆದ. "ಹೊಸ ಜೇಡಿ ನೀರು ಕುಡೀತದೆ, ಕುಡೀಲಿ ಬಿಡಿ," ಎಂದಳು ಅವಳು. ಎರಡನೇ ದಿನ ಒಂದು ಬೆರಳು. ಆಮೇಲೆ ಮೂರು ದಿನ ನೋಡಿದರೂ ನೀರು ಅಲ್ಲಾಡಲಿಲ್ಲ.

"ನಿಂತದೆ ಯಜಮಾನ್ರೇ. ನಾಳೆಯಿಂದ ನಲ್ಲಿಗೆ ಬಿಡ್ತೀನಿ, ಯಾವತ್ತಿನಂಗೆ ನಿಮ್ ಬೀದಿಯಿಂದ ಶುರು."

"ಬ್ಯಾಡ. ನಾಳೆ ತುದಿಯಿಂದ ಬಿಡು. ಗಿಡ್ಡಪ್ಪನ ಬೀದಿಗೆ ಮೊದ್ಲು."

"ನಿಮ್ಮನೆಗೆ ಬರೋಹೊತ್ಗೆ ಮಧ್ಯಾಹ್ನ ಆಯ್ತದೆ, ನೋಡಿ."

"ಆಗ್ಲಿ ಬಿಡವ್ವ."

ಮರುದಿನ ಗುರುಸಿದ್ದಮ್ಮ ಖಾಲಿ ಬಿಂದಿಗೆ ಮುಂದಿಟ್ಟುಕೊಂಡು ಬೈದದ್ದೇ ಬೈದದ್ದು. "ಊರಿಗೆಲ್ಲ ನೀರು, ಅಧ್ಯಕ್ಷರ ಮನೇಲಿ ಕಾಫಿಗೂ ಗತಿಯಿಲ್ಲ!" ಎರಡು ಗಂಟೆಗೆ ನಲ್ಲಿ ಕೆಮ್ಮಿ ನೀರು ಬಂತು. ಅವಳು ಒಂದು ಚೊಂಬು ಗಟಗಟನೆ ಕುಡಿದಳು, ಬಾಯಿ ಒರೆಸಿಕೊಂಡಳು, ಗಂಡನ ಮುಖ ನೋಡಿದಳು.

"ಅಲ್ಲಾರೀ, ಗಿಡ್ಡಪ್ಪನ ಬೀದಿಯೋರು ಇಷ್ಟು ವರ್ಷ ದಿನಾ ಇಷ್ಟೊತ್ತು ಕಾಯ್ತಿದ್ರಾ?"

ಜಯದೇವಪ್ಪ ಖಾಲಿ ಬಿಂದಿಗೆ ಎತ್ತಿ ನಲ್ಲಿಯ ಕೆಳಗಿಟ್ಟ.

"ದ್ಯಾವಮ್ಮಂಗೆ ಫೋನ್ ಮಾಡಿ," ಎಂದಳು ಗುರುಸಿದ್ದಮ್ಮ. "ನಾಳೆನೂ ಆ ಕಡೆಯಿಂದ್ಲೇ ಬಿಡ್ಲಿ."