ಕೆಂಪು ಮಸಿಯ ‘ಉತ್ತಮ’

೨೦೦೭ರ ಜುಲೈ ೧೬, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸವದತ್ತಿ ಸೀಮೆಯ ಒಂದು ಶಾಲೆಯಲ್ಲಿ ನಾನು ಆರನೇ ತರಗತಿಯ ಹಾಜರಿ ಕರೆಯುತ್ತಿದ್ದೆ. ಸುಂದರವ್ವ ಬಂದು ಬಾಗಿಲಲ್ಲಿ ನಿಂತರು. ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಕಾಯಿ, ಭಂಡಾರದ ಅರಿಶಿನ ಮಾರುವವರು. ಅವರ ಮಗಳು ಗುರವ್ವ ನನ್ನ ತರಗತಿಯವಳು.

“ನೀಲಕಂಠ ಮಾಸ್ತರ, ಇದ್ರಾಗಿನ ಸಹಿ ನಿಮ್ದ ಹೌದಲ್ರಿ?” ಎಂದು ಮಗಳ ನೋಟ್‌ಬುಕ್ ಚಾಚಿದರು.

“ನಂದ ಅದ.”

“ಕೆಂಪು ಮಸೀಲೆ ಏನ್ ಬರದೀರಿ?”

“ಉತ್ತಮ ಅಂತ ಬರದೇನಿ. ನಿಮ್ಮ ಹುಡುಗಿ ಅಕ್ಷರ ಭಾಳ ಚಂದ ಅವ.”

“ನಿನ್ನೆ ಅಂಗಡ್ಯಾಗ ಭಕ್ತರೊಬ್ರು ಇಕಿ ಕೈಗೆ ಚೀಟಿ ಕೊಟ್ಟು, ಈ ವಿಳಾಸ ಓದವ್ವ ಅಂದ್ರು. ಇಕಿ ಬಾಯಿ ತಗೀಲಿಲ್ಲ. ಮನ್ಯಾಗ ಕೇಳಿದ್ರ ಅತ್ತಳು. ನೀವು ಬರದ ಆ ‘ಉತ್ತಮ’ನೂ ಇಕಿಗೆ ಓದಾಕ ಬರೂದಿಲ್ರಿ. ದೀಪಾವಳಿ ತನಕ ನೋಡ್ತೇನಿ. ಆಮ್ಯಾಲೆ ಸಾಲಿ ಬಿಡಿಸಿ ಅಂಗಡ್ಯಾಗ ಕುಂದ್ರಸ್ತೇನಿ.”

ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಗುರವ್ವ ನೆಲ ನೋಡುತ್ತಿದ್ದಳು. ನಾನು ಹಾಜರಿ ಪುಸ್ತಕ ಮುಚ್ಚಿದೆ.

ನನ್ನ ರೂಢಿ ಹೀಗಿತ್ತು. ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳು ನಕಲು ಮಾಡುತ್ತಿದ್ದರು. ಶನಿವಾರ ನೋಟ್‌ಬುಕ್ಕುಗಳ ರಾಶಿ ಮುಂದಿಟ್ಟುಕೊಂಡು, ಅಂದವಾಗಿದ್ದರೆ ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಗುರವ್ವ ಅಕ್ಷರಗಳನ್ನು ರಂಗೋಲಿಯ ಹಾಗೆ ನೋಡಿ ಬಿಡಿಸುತ್ತಿದ್ದಳು. ಓದು ಎಂದರೆ, ಪಕ್ಕದವಳಿಂದ ಕೇಳಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದಳು. ನಾನು ಬಿ.ಎಸ್ಸಿ. ಮುಗಿಸಿದವನು. ಅಳೆಯದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವನು. ಅವಳ ಓದನ್ನು ಒಮ್ಮೆಯೂ ಅಳೆದಿರಲಿಲ್ಲ.

ಅಂದು ಸಂಜೆ ಸವದತ್ತಿಯ ಇಂಟರ್‌ನೆಟ್ ಕೇಂದ್ರದ ಮುಂದೆ ಎರಡು ಸಲ ಹಾದು ಹೋಗಿ, ಮೂರನೇ ಸಲ ಒಳಗೆ ಹೋದೆ. ನಡೆಸುವವಳು ಮೀನಾ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮುಂದೆ ‘ನನಗೆ ಗೊತ್ತಿಲ್ಲ’ ಅನ್ನಬೇಕಿತ್ತು. ಅದೇ ಸಂಕೋಚ.

“ಬರ್ರಿ ಸರ್ರ, ಕುಂದರ್ರಿ. ಯಾರದರ ರಿಸಲ್ಟ್ ನೋಡಬೇಕೇನ್ರಿ?”

“ಇಲ್ಲ. ನನ್ನ ಗೆಳೆಯರೊಬ್ಬರ ಶಾಲ್ಯಾಗ ಒಂದು ಹುಡುಗಿ ಇದ್ದಾಳ. ಬರೀತಾಳ, ಆದ್ರ ಓದ್ಲಿಕ್ಕೆ ಬರೂದಿಲ್ಲ. ಏನು ಮಾಡಬೇಕಂತ ಇದ್ರಾಗ ಸಿಗತದೇನು?”

ಜೇಬಿನಿಂದ ಹಾಳೆ ತೆಗೆದೆ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ ಕೆಳಗೆ ಸಹಿಯವರೆಗೆ, ಇಂಗ್ಲಿಷಿನಲ್ಲಿ ಒಂದು ಪುಟ. ಮೀನಾ ನಕ್ಕಳು. “ಸರ್ರ, ಕಂಪ್ಯೂಟರಿಗೆ ಅರ್ಜಿ ಕೊಡೂದು ಬ್ಯಾಡ್ರಿ. ನಾಕ ಶಬ್ದ ಹಾಕಿದ್ರ ಸಾಕು.” ಆಮೇಲೆ ದನಿ ತಗ್ಗಿಸಿದಳು. “ಆ ಗೆಳೆಯರು ಅಂದ್ರ ನೀವ ಹೌದಲ್ರಿ?”

ಹಾಳೆಯನ್ನು ಮಡಚಿ ಜೇಬಿಗಿಟ್ಟೆ. “ಹೌದವ್ವ.”

“ನನ್ನೂ ದಡ್ಡಿ ಅಂತ ಹಿಂದಿನ ಸಾಲಿನ್ಯಾಗ ಕುಂದ್ರಿಸಿದ್ರಿ. ನನಗ ಹಲಗಿನ ಕಾಣ್ತಿದ್ದಿಲ್ಲ. ಚಷ್ಮಾ ಬಂದದ್ದು ಕಾಲೇಜಿಗೆ ಹೋದ ಮ್ಯಾಲೆ.”

“ಆವಾಗ್ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ರಿ.”

ಅವಳು ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು. “ನೀವ ಒತ್ರಿ. ತಪ್ಪಾದ್ರ ಛಡಿ ಏಟಿಲ್ಲ.”

ಹತ್ತು ದಿನದಲ್ಲಿ ಬುದ್ಧಿ ಚುರುಕಾಗುವ ಪುಡಿಯ ಜಾಹೀರಾತು ಮೊದಲು ಬಂತು. “ಅದನ್ನ ಬಿಡ್ರಿ, ಬರೇ ವ್ಯಾಪಾರ,” ಎಂದಳು ಮೀನಾ. ಕೊನೆಗೆ ಶಿಕ್ಷಕರೇ ಪ್ರಶ್ನೆ ಕೇಳಿ ಉತ್ತರ ಬರೆಯುವ ಒಂದು ತಾಣ ಸಿಕ್ಕಿತು. “ಹುಡುಗಿ ಹೆಸರು, ಸಾಲಿ ಹೆಸರು ಹಾಕಬ್ಯಾಡ್ರಿ. ಊರ ಮಂದಿಯೆಲ್ಲ ನೋಡ್ತಾರ,” ಎಂದಳು. ಹೆಸರಿಲ್ಲದೆ ಬರೆದೆ.

ಎರಡನೇ ದಿನಕ್ಕೆ ದೂರದ ಊರಿನ ಶಿಕ್ಷಕಿಯೊಬ್ಬರ ಉತ್ತರ ಬಂತು. ಮೊದಲು ಕಣ್ಣು, ಕಿವಿ ತೋರಿಸಿ. ಮಗು ಎಂದೂ ಕೇಳಿರದ ಒಂದು ಕಥೆ ಕೊಟ್ಟು, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದ ಎಣಿಸಿ. ತರಗತಿಯ ಎದುರು ಬೇಡ, ಒಬ್ಬಳನ್ನೇ ಕೂರಿಸಿಕೊಂಡು. ದಿನಕ್ಕೆ ಎರಡೇ ಅಕ್ಷರ, ದೊಡ್ಡದಾಗಿ, ಬಿಡಿಬಿಡಿಯಾಗಿ. ಪಾಠವನ್ನು ಕೇಳುತ್ತಾ ಬೆರಳಿಟ್ಟು ಓದಲಿ. ಜೊತೆಗೆ ಮಾದರಿ ಹಾಳೆಗಳನ್ನೂ ಕಳಿಸಿದ್ದರು. ಅವನ್ನು ನೋಡಿ ಮೀನಾ ಕನ್ನಡದಲ್ಲಿ ದಪ್ಪಕ್ಷರದ ಹಾಳೆ ಮಾಡಿಕೊಟ್ಟಳು. ನಾನು ಪಾಠಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬಿದೆ.

ಗುರವ್ವನ ಓದನ್ನು ಅಳೆದ ಮೇಲೆ ಉಳಿದವರದನ್ನೂ ಅಳೆದೆ. ನಾನು ‘ಉತ್ತಮ’ ಎಂದು ಬರೆದಿದ್ದ ಇನ್ನೂ ಏಳು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಅವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ.

ಮರುದಿನ ಸುಂದರವ್ವನ ಅಂಗಡಿಗೆ ಹೋದೆ.

“ಸುಂದರವ್ವ, ನಿಮ್ಮ ಹುಡುಗಿ ದಡ್ಡಿ ಅಲ್ಲ. ಓದೂದು ಆಕಿಗೆ ತೊಡಕಾಗೇದ. ಅದನ್ನ ನೋಡದ ಸಹಿ ಮಾಡಿದವ ನಾನು. ತಪ್ಪು ನಂದು. ಹೆಂಗ ಕಲಿಸಬೇಕಂತ ಕಂಪ್ಯೂಟರ್‌ನ್ಯಾಗ ನೋಡಿ ತಿಳಕೊಂಡೇನಿ.”

ಅವರು ಭಂಡಾರದ ಕೈ ಸೆರಗಿಗೆ ಒರೆಸಿಕೊಂಡರು. “ಈಗ ಆ ಕಂಪ್ಯೂಟರ್ ಕಲಸ್ತೈತೇನ್ರಿ ಇಕಿಗೆ?”

“ಇಲ್ಲವ್ವ. ಅದು ನನಗ ಕಲಿಸ್ಯದ. ಆಕಿಗೆ ನಾನ ಕಲಿಸಬೇಕು. ಶಾಲಿ ಬಿಟ್ಟ ಮ್ಯಾಲೆ ದಿನಾ ಅರ್ಧ ತಾಸು ಕಳಸ್ರಿ.”

“ಇಷ್ಟು ವರ್ಷ ಕಲೀದಾಕಿ ಅರ್ಧ ತಾಸಿನ್ಯಾಗ ಕಲೀತಾಳನ್ರಿ? ಆತು, ದೀಪಾವಳಿ ತನಕ ಅಂದೇನಲ್ಲ, ಕಳಿಸ್ತೇನಿ.”

ದವಾಖಾನೆಯಲ್ಲಿ ತೋರಿಸಿದಾಗ ಗುರವ್ವನ ಕಣ್ಣು, ಕಿವಿ ಸರಿಯಿದ್ದವು; ಅವಳ ಜೊತೆ ಉಳಿದ ಏಳು ಮಕ್ಕಳೂ ದಿನಾ ಸಂಜೆ ಕಲಿಯಲು ಕುಳಿತರು. ನವೆಂಬರ್ ೫ರಂದು ಸುಂದರವ್ವನನ್ನು ಕರೆಸಿ, ಅವರ ಎದುರಿಗೇ ಹೊಸ ಕಥೆಯೊಂದನ್ನು ಗುರವ್ವನ ಕೈಗಿಟ್ಟೆ. ಬೆರಳಿಟ್ಟು, ತಡವರಿಸಿ, ನಿಂತು, ಮತ್ತೆ ಓದಿದಳು. ಸುಂದರವ್ವ ಮಗಳ ತಲೆ ಸವರಿ, “ಹಬ್ಬದ ನಂತರನೂ ಸಾಲಿಗೇ ಕಳಿಸ್ತೇನಿ ಮಾಸ್ತರ. ಆದ್ರ ಇನ್ನೊಮ್ಮಿ ಸುಮ್ಮ ಸಹಿ ಮಾಡಬ್ಯಾಡ್ರಿ,” ಎಂದರು. ತಲೆ ತಗ್ಗಿಸಿ ಒಪ್ಪಿದೆ.

ಶಿಕ್ಷಕ ಬಂಧುಗಳೇ, ನೋಟ್‌ಬುಕ್ ನೋಡಿ ಸಹಿ ಹಾಕುವ ಮೊದಲು ಆ ಮಗುವಿನಿಂದ ನಾಲ್ಕು ಸಾಲು ಓದಿಸಿ. ಗೊತ್ತಿಲ್ಲದಿದ್ದರೆ ಹತ್ತಿರದ ಇಂಟರ್‌ನೆಟ್ ಕೇಂದ್ರಕ್ಕೆ ಹೋಗಿ, ನಿಮ್ಮ ಹಳೆಯ ವಿದ್ಯಾರ್ಥಿಯೇ ಅಲ್ಲಿದ್ದರೂ ಕೇಳಿ. ತಂದೆತಾಯಂದಿರೇ, ಮಗು ಓದದಿದ್ದರೆ ಹೊಡೆಯಬೇಡಿ, ಶಾಲೆ ಬಿಡಿಸಬೇಡಿ. ಸುಂದರವ್ವನ ಹಾಗೆ ನೋಟ್‌ಬುಕ್ ಹಿಡಿದು ಶಾಲೆಗೆ ಬನ್ನಿ. ನಮಗೆ ನಾಚಿಕೆಯಾದರೆ ಆಗಲಿ.

ಗುರವ್ವನ ಓದು, ಜುಲೈ ೧೯ರಂದು ನಿಮಿಷಕ್ಕೆ ನಾಲ್ಕು ಪದ. ನವೆಂಬರ್ ೫ರಂದು ನಿಮಿಷಕ್ಕೆ ಇಪ್ಪತ್ತಮೂರು ಪದ.